ಮತವೂ ಪ್ರಾತಿನಿಧ್ಯವೂ: ಯಾಕಿಮಾ ನಗರದ ಪಾಠ

ಮತಾಧಿಕಾರವಿದ್ದ ಮಾತ್ರಕ್ಕೆ ಪ್ರಾತಿನಿಧ್ಯವೂ ದೊರೆಯುವದೇ? ಇದನ್ನು ನಾವು ಮೊದಲು ಲೆಕ್ಕದಿಂದ ಪರೀಕ್ಷಿಸೋಣ. ಏಳು ಸ್ಥಾನಗಳುಳ್ಳ ಒಂದು ನಗರಸಭೆಗೆ 700 ಮಂದಿ ಮತದಾರರಿರಲಿ. ಅವರಲ್ಲಿ 200 ಮಂದಿ ಒಂದು ಪಂಗಡದವರು, 500 ಮಂದಿ ಇನ್ನೊಂದು ಪಂಗಡದವರು. ಇಬ್ಬಗೆಯವರೂ ತಮ್ಮವರಿಗೇ ಮತ ಕೊಡುವರೆನ್ನೋಣ. ಪ್ರತಿಯೊಂದು ಸ್ಥಾನಕ್ಕೂ ಊರಿನವರೆಲ್ಲರೂ ಮತವಿತ್ತರೆ ಏಳೂ ಸ್ಥಾನಗಳು 500 ಮಂದಿಯ ಪಾಲಾಗುವವು. ಊರನ್ನು ತಲಾ 100 ಮತದಾರರ ಏಳು ವಾರ್ಡುಗಳಾಗಿ ವಿಭಾಗಿಸಿದರೆ, ಒಂದೆಡೆ ವಾಸಿಸುವ 200 ಮಂದಿಗೆ ಎರಡು ಸ್ಥಾನಗಳು ಸಲ್ಲುವವು.

ಅಮೆರಿಕದ ವಾಷಿಂಗ್ಟನ್ ಸಂಸ್ಥಾನದಲ್ಲಿ ಸೇಬಿನ ತೋಟಗಳಿಗೆ ಹೆಸರಾದ ಯಾಕಿಮಾ ನಗರದಲ್ಲಿ ಇಂಥದೇ ಸಂಗತಿ ನಡೆಯಿತು. ತೋಟಗಳಲ್ಲಿ ದುಡಿಯಲು ಮೆಕ್ಸಿಕೋ ದೇಶದಿಂದ ಬಂದು ನೆಲೆಸಿದವರೂ ಅವರ ಸಂತತಿಯವರೂ ಸೇರಿದ ಲಟೀನೋ ಜನರು 2010ರ ಜನಗಣತಿಯಲ್ಲಿ ನೂರಕ್ಕೆ 41ರಷ್ಟಿದ್ದರು. ಪೌರತ್ವ ಹೊಂದದವರಿಗೂ ಮಕ್ಕಳಿಗೂ ಮತವಿಲ್ಲದ್ದರಿಂದ ಮತದಾರರಲ್ಲಿ ಅವರ ಪಾಲು ಇನ್ನೂ ಕಡಿಮೆಯಾಗಿತ್ತು. 1976ರಿಂದ ನಡೆದುಬಂದ ಕ್ರಮದಂತೆ ಅಂತಿಮ ಚುನಾವಣೆಯಲ್ಲಿ ಪ್ರತಿ ಸ್ಥಾನಕ್ಕೂ ಇಡೀ ನಗರವೇ ಮತ ಕೊಡುತ್ತಿತ್ತು. ಆ ಕ್ರಮದಲ್ಲಿ ಲಟೀನೋ ಜನರಲ್ಲಿ ಒಬ್ಬರಾದರೂ ಚುನಾಯಿತರಾಗಲಿಲ್ಲ.

ಈ ಕ್ರಮವು 1965ರ ಮತಾಧಿಕಾರ ಕಾಯಿದೆಗೆ ವಿರುದ್ಧವೆಂದು 2014ರಲ್ಲಿ ಫೆಡರಲ್ ನ್ಯಾಯಾಲಯವು ತೀರ್ಪಿತ್ತಿತು. ತರುವಾಯ ಏಳು ವಾರ್ಡುಗಳು ಏರ್ಪಟ್ಟವು. 2015ರ ಚುನಾವಣೆಯಲ್ಲಿ ಡುಲ್ಸೆ ಗುಟಿಯೆರೆಸ್, ಕಾರ್ಮೆನ್ ಮೆಂಡೆಸ್, ಅವಿನಾ ಗುಟಿಯೆರೆಸ್ ಎಂಬ ಮೂವರು ಲಟೀನೋ ಸ್ತ್ರೀಯರು ನಗರಸಭೆಯನ್ನು ಪ್ರವೇಶಿಸಿದರು.

ಮತದ ಬೆಲೆಯು ಅದನ್ನು ಎಣಿಸುವ ವಿಧಾನವನ್ನೂ ಅವಲಂಬಿಸಿದೆ ಎಂಬದು ಇದರಿಂದ ವಿದಿತವಾಗುವದು. ನಮ್ಮ ಹೆಣ್ಣುಮಕ್ಕಳು ಮತ ಕೊಡುವಾಗ ಅಭ್ಯರ್ಥಿಯ ಹೆಸರನ್ನಲ್ಲದೆ ಕ್ಷೇತ್ರದ ಎಲ್ಲೆಯನ್ನೂ ವಿಚಾರಿಸಿ ತಿಳಿಯಲೆಂದು ನಾವು ಹಾರೈಸುತ್ತೇವೆ.