ಆರೋಗ್ಯವಿರುವಾಗಿನ ಖರ್ಚು

ಇಪ್ಪತ್ತೆಂಟು ವರ್ಷಗಳಿಂದ ನಾನು ಬರೆದಿಟ್ಟುಕೊಂಡು ಬಂದಿರುವ ಮನೆಯ ಜಮಾಖರ್ಚಿನ ಪುಸ್ತಕಗಳಲ್ಲಿ ಹಾಲಿನ ಲೆಕ್ಕವಿದೆ, ವಿಮೆಯ ಕಂತಿದೆ, ಮದುವೆ ಮುಂಜಿಗಳ ಮುಯ್ಯಿಗೂ ಪ್ರತ್ಯೇಕ ಪುಟವಿದೆ. ಆದರೆ ನನಗೆ ಐವತ್ತು ತುಂಬುವವರೆಗೂ, ಕಾಯಿಲೆಯಿಲ್ಲದ ದೇಹವನ್ನು ವೈದ್ಯರಿಗೆ ತೋರಿಸಿದ್ದಕ್ಕಾಗಿ ಒಂದು ರೂಪಾಯಿಯೂ ಅಲ್ಲಿ ಖರ್ಚು ಬಿದ್ದಿಲ್ಲ. ಅದನ್ನು ನಾನು ಮಿತವ್ಯಯವೆಂದೇ ಬಗೆದಿದ್ದೆ.

ಮುಟ್ಟು ನಿಂತು ಆರು ವರ್ಷಗಳಾದ ಮೇಲೆ ಮತ್ತೆ ಕಾಣಿಸಿದ ರಕ್ತಸ್ರಾವವನ್ನು, ಸಂಕೋಚದಿಂದಲೂ ಮಗಳ ಮದುವೆ ಮುಗಿಯಲೆಂಬ ಹಂಬಲದಿಂದಲೂ ನಾಲ್ಕು ತಿಂಗಳು ಯಾರಿಗೂ ಹೇಳದೆ ನುಂಗಿಕೊಂಡಿದ್ದ ನನ್ನಕ್ಕ, ಕೊನೆಗೆ ತೀರ್ಥಹಳ್ಳಿಯ ಕಡೆಯಿಂದ ಬೆಂಗಳೂರಿಗೆ ಬಂದಾಗ, ಗರ್ಭಕೊರಳಿನ ಕ್ಯಾನ್ಸರ್ ಅಕ್ಕಪಕ್ಕಕ್ಕೆ ವ್ಯಾಪಿಸಿತ್ತು. ಚಿಕಿತ್ಸೆಯ ಬಹುಪಾಲು ಸರ್ಕಾರದ ಯೋಜನೆಯಲ್ಲಿಯೇ ನಡೆಯಿತು. ಆದರೆ ವಾರಕ್ಕೈದು ದಿನದಂತೆ ಆರು ವಾರ ನಡೆದ ವಿಕಿರಣ ಚಿಕಿತ್ಸೆಗಾಗಿ ಹಿಡಿದ ಬಾಡಿಗೆ ಕೋಣೆ, ಆಟೋ, ಜೊತೆಗಿದ್ದ ಭಾವನ ಊಟ, ಮಳೆಗಾಲದಲ್ಲಿ ಬೋರ್ಡೋ ದ್ರಾವಣ ಸಿಂಪಡಿಸುವವರಿಲ್ಲದೆ ಕೊಳೆರೋಗಕ್ಕೆ ಸಿಕ್ಕಿದ ಅಡಿಕೆ, ಇವನ್ನು ಯಾವ ಯೋಜನೆ ಭರಿಸೀತು? ನಾನೇ ಕೂತು ಕೂಡಿದಾಗ ಮೊತ್ತ 3,80,000 ದಾಟಿತ್ತು. ಅಕ್ಕ ಮರುವರ್ಷ ತೀರಿಕೊಂಡಳು.

ಆ ಕಾಯಿಲೆ ಹಠಾತ್ತನೆ ಎರಗುವಂಥದಲ್ಲ. ಎಚ್‌ಪಿವಿ ವೈರಾಣುವಿನ ಸೋಂಕು ಬಹುಕಾಲ ನೆಲೆನಿಂತು, ಜೀವಕೋಶಗಳು ಕೆಟ್ಟು, ಅವು ಕ್ಯಾನ್ಸರ್ ಆಗುವುದರೊಳಗೆ ಸಾಮಾನ್ಯವಾಗಿ ಹತ್ತಾರು ವರ್ಷಗಳು ಕಳೆಯುತ್ತವೆ. ಕಳೆದ ವರ್ಷ ಅಕ್ಕನ ಮಗಳನ್ನು, ಆಗ ಅವಳಿಗೆ ಮೂವತ್ತೊಂದು, ನಮ್ಮ ಬಡಾವಣೆಯ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ನಾನೇ ಕರೆದೊಯ್ದೆ. ಪರದೆಯ ಹಿಂದೆ ಅವಳ ಕೈ ಹಿಡಿದು ನಿಂತಿದ್ದೆ. ದಾದಿ ತೆಳುವಾದ ವಿನೆಗರ್ ಆಮ್ಲವನ್ನು ಹತ್ತಿಯಲ್ಲಿ ಅದ್ದಿ ಸವರಿ, ಗೋಡೆಯ ಗಡಿಯಾರವನ್ನು ನೋಡುತ್ತ ಒಂದು ನಿಮಿಷ ಕಾದಳು. ಕೆಟ್ಟ ಭಾಗವಿದ್ದರೆ ಅಷ್ಟರಲ್ಲಿ ಅದು ಬೆಳ್ಳಗಾಗುತ್ತದೆ. ಆಗಲಿಲ್ಲ. ಮೂವತ್ತರಿಂದ ಅರವತ್ತೈದು ವಯಸ್ಸಿನವರಿಗೆ ಐದು ವರ್ಷಕ್ಕೊಮ್ಮೆ ಈ ಪರೀಕ್ಷೆ, ಸ್ತನದ ತಪಾಸಣೆ, ಗಂಡಸರು ಹೆಂಗಸರೆನ್ನದೆ ಎಲ್ಲರಿಗೂ ಬಾಯಿಯ ತಪಾಸಣೆ, ಇವು 2016ರಿಂದ ಕೇಂದ್ರ ಸರ್ಕಾರದ ಕಾರ್ಯಕ್ರಮದಲ್ಲಿವೆ, ಉಚಿತವಾಗಿವೆ. ನಮಗೆ ಅಂದು ತಗುಲಿದ್ದು ಆಟೋದ ಎಂಬತ್ತು ರೂಪಾಯಿ. ಮುಟ್ಟು ನಿಂತವರಲ್ಲಿ ನೋಡಬೇಕಾದ ಭಾಗ ಒಳಸರಿದಿರುವುದರಿಂದ ಆಮ್ಲದ ಪರೀಕ್ಷೆ ಅಷ್ಟು ನೆಚ್ಚಲಾಗದು. ವೈದ್ಯೆಯ ಸಲಹೆಯಂತೆ ನಾನು ಹಣ ಕೊಟ್ಟು ಎಚ್‌ಪಿವಿ ಪರೀಕ್ಷೆ ಮಾಡಿಸಿಕೊಂಡೆ.

ಅದಕ್ಕೂ ಮೊದಲು, ಭಯದ ಭರದಲ್ಲಿ, ಪ್ರಯೋಗಾಲಯವೊಂದರ 7,500 ರೂಪಾಯಿಯ 'ಸಂಪೂರ್ಣ ದೇಹ' ಪ್ಯಾಕೇಜನ್ನು ಕೊಂಡಿದ್ದೆ. ಅದರಲ್ಲಿದ್ದ, ಅಂಡಾಶಯದ ಕ್ಯಾನ್ಸರಿಗೆ ಸಂಬಂಧಿಸಿದ ಸಿಎ-125 ಎಂಬ ರಕ್ತಪರೀಕ್ಷೆಯ ಅಂಕಿ ಗೆರೆಯನ್ನು ತುಸು ಮೀರಿತು, ಸ್ಕ್ಯಾನಿಗೂ ಮರುಪರೀಕ್ಷೆಗಳಿಗೂ ಇನ್ನೂ 16,000 ಹೋಯಿತು, ಮೂರು ವಾರದ ನಿದ್ರೆಯೂ ಹೋಯಿತು, ಏನೂ ಇರಲಿಲ್ಲ. ಆ ಅಂಕಿ ನಿರುಪದ್ರವಿ ಕಾರಣಗಳಿಂದಲೂ ಏರುತ್ತದೆಂದೂ, ರೋಗ ಗೊತ್ತಿರುವವರ ಚಿಕಿತ್ಸೆಯನ್ನು ಗಮನಿಸಲು ಅದು ಒದಗುತ್ತದೆಯೇ ಹೊರತು ರೋಗಲಕ್ಷಣವಿಲ್ಲದವರಲ್ಲಿ ರೋಗವನ್ನು ಹುಡುಕಲು ತಕ್ಕುದಲ್ಲವೆಂದೂ ಆಮೇಲೆ ವೈದ್ಯೆ ತಿಳಿಸಿದರು. ಪಟ್ಟಿ ಉದ್ದವಾದಷ್ಟೂ ರಕ್ಷಣೆ ಹೆಚ್ಚೆಂದು ನಂಬಿಸಿ ಮಾರುವುದನ್ನು ನಾನು ಅನ್ಯಾಯವೆಂದೇ ಕರೆಯುತ್ತೇನೆ.

ನ್ಯೂಜೆರ್ಸಿಯಲ್ಲಿರುವ ನನ್ನ ಮಗಳು ಹೇಳುವಂತೆ, ಅಲ್ಲಿ ನಲವತ್ತಕ್ಕೆ ಮ್ಯಾಮೋಗ್ರಾಮ್, ನಲವತ್ತೈದಕ್ಕೆ ದೊಡ್ಡ ಕರುಳಿನ ತಪಾಸಣೆ ಆರಂಭವಾಗುತ್ತವೆ. ಎರಡನೆಯದು 2021ರವರೆಗೆ ಐವತ್ತಕ್ಕಿತ್ತು. ಮನೆಯಲ್ಲಿ ಯಾರಿಗಾದರೂ ಇಂಥ ಕ್ಯಾನ್ಸರ್ ಬಂದಿದ್ದರೆ ವಯಸ್ಸಿನ ಲೆಕ್ಕವನ್ನು ವೈದ್ಯರೊಡನೆ ಬೇರೆಯಾಗಿಯೇ ಮಾಡಬೇಕು.

ನಮ್ಮಲ್ಲಿ ಇಂಥ ತಪಾಸಣೆಯ ಖರ್ಚಿಗೆ ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿ, ಆರೋಗ್ಯವಿಮೆಯ ವಿನಾಯಿತಿಯ ಮಿತಿಯೊಳಗೇ, ವರ್ಷಕ್ಕೆ 5,000 ರೂಪಾಯಿವರೆಗೆ ಕಡಿತವುಂಟು. ವಿಮೆಯ ಕಂತಿಗಿಲ್ಲದ ಸೌಕರ್ಯವಾಗಿ ಇದನ್ನು ನಗದಾಗಿಯೂ ಕೊಡಬಹುದು. ನನ್ನ ವಿಮೆಯ 'ಉಚಿತ ವಾರ್ಷಿಕ ತಪಾಸಣೆ'ಯಲ್ಲಿ ಸಕ್ಕರೆ, ಕೊಬ್ಬು, ಹೃದಯದ ಇಸಿಜಿ ಇವೆ. ಗರ್ಭಕೊರಳೂ ಸ್ತನವೂ ಇಲ್ಲ.

ನನ್ನ ಮೈದುನನಿಗೆ ಐವತ್ತಮೂರು. ಇಪ್ಪತ್ತು ವರ್ಷಗಳಿಂದ ಎಲೆಯಡಿಕೆಯೊಡನೆ ಹೊಗೆಸೊಪ್ಪು ಹಾಕುತ್ತಾನೆ. ಅವನು ಆಕಳಿಸಿದಾಗ ಎಡಗೆನ್ನೆಯ ಒಳಗೆ ಸುಣ್ಣ ಬಳಿದಂತಹ ಬಿಳಿಯ ಮಚ್ಚೆಯೊಂದನ್ನು ಕಂಡೆ. ಬುಧವಾರ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯುತ್ತೇನೆಂದು ಎರಡು ಸಲ ಹೇಳಿದ್ದೇನೆ. ಅವನು ಇನ್ನೂ ಒಪ್ಪಿಲ್ಲ.