ಮುಂಗಡ ಕೊಡೂ ಮೊದಲ

ತಮ್ಮಾ, ಗೆಳೆಯರೆಲ್ಲಾ ಕೂಡಿ ಖಾನಾಪುರ ತಾಲೂಕಿನ ಕಾಡಂಚಿಗೆ ಜಾಗಾ ತಗೊಂಡು ರೆಸಾರ್ಟ್ ಕಟ್ಟತೀರಂತ, ನಿಮ್ಮವ್ವ ಹೇಳಿದ್ಳು. ದುಡಿದ ರೊಕ್ಕ ನಿನ್ನದು, ಬ್ಯಾಡ ಅನ್ನಾಂಗಿಲ್ಲ. ಆದ್ರ ಅದು ಎಂಥಾ ಜಾಗಾ ಅಂತ ತಿಳಕೊಂಡು ಕೈ ಹಾಕು.

ನಮ್ಮ ಶಿರೂರಿನ ದಕ್ಷಿಣಕ್ಕ ಪಟ್ಟದಕಲ್ಲು, ಐಹೊಳಿ ದಾಟಿ ಕೂಡಲಸಂಗಮದಾಗ ಕೃಷ್ಣೆಗೆ ಸೇರೂ ಮಲಪ್ರಭಾ ಹುಟ್ಟೂದು ಅದೇ ಖಾನಾಪುರ ತಾಲೂಕಿನ ಕಣಕುಂಬಿಯೊಳಗ. ನಮ್ಮ ಕಡೆ ವರ್ಷಕ್ಕ 500-600 ಮಿಲಿಮೀಟರ್ ಮಳಿ. ಅಲ್ಲಿ 3000 ದಾಟತೈತಿ. ಆ ಮಳೀನ ನಮ್ಮ ಹೊಳಿ.

ಕಾಡಿನ ನೆಲಾ ಕೈಯಾಗ ಹಿಡದು ನೋಡು. ಕೊಳೆತ ಎಲಿ, ಬೇರು, ಅಣಬಿ ಕೂಡಿದ ಪದರು ಅದು. ಒದ್ದಿ ಕೌದಿ ಹಂಗ ನೀರು ಹಿಡಕೊಂಡು, ಮಳಿಗಾಲ ಮುಗಿದ ಮ್ಯಾಲೂ ತಿಂಗಳಗಟ್ಟಲೆ ಒರತಿಗೆ ಬಿಡತೈತಿ. ಜೆಸಿಬಿ ಹಚ್ಚಿ ಗುಡ್ಡಾ ಕಡದು ಸಪಾಟ ಮಾಡಿದ್ರ, ಬಿದ್ದ ಮಳಿ ಅವತ್ತ ಮಣ್ಣು ಕಟಗೊಂಡು ಓಡತೈತಿ. ಆ ಮಣ್ಣು ಬಂದು ಕೂಡೂದು ನವಿಲುತೀರ್ಥದ ಡ್ಯಾಮಿನಾಗ. ಹುಬ್ಬಳ್ಳಿ-ಧಾರವಾಡದ ಮಂದಿ ಕುಡಿಯೂದೂ ಆ ನೀರನ್ನ.

ಹಂಗಂತ ಹೊಳಿ ಮ್ಯಾಲಿನ ಕಡೆಯವರಿಗಷ್ಟ ಬುದ್ಧಿ ಹೇಳಾಕ ಬರೂದಿಲ್ಲ. 2019ರ ಆಗಸ್ಟಿನಾಗ ಪಟ್ಟದಕಲ್ಲಿನ ಗುಡಿಗಳಿಗೆ ನೀರು ಹೊಕ್ಕಾಗ ನೀನೂ ನೋಡೀದಿ. ಹೊಳಿ ದಂಡಿ ಒತ್ತಿ ಕಬ್ಬು ಹಾಕಿದವರು ನಮ್ಮ ಸೀಮಿಯವರ.

'ನಂದೊಂದು ಪ್ಲಾಟಿನಿಂದ ಏನಾಗತೈತಿ' ಅಂತೀಯೇನೋ. 2020ರಾಗ ಭೂ ಸುಧಾರಣಾ ಕಾಯ್ದೆ ತಿದ್ದುಪಡಿ ಆದ ಮ್ಯಾಲೆ ಒಕ್ಕಲುತನ ಗೊತ್ತಿಲ್ಲದವರೂ ಹೊಲಾ ತಗೋಬಹುದು. ಎಲ್ಲಾರೂ ಇದ ಮಾತು ಆಡಿದ್ರ ಮುಗೀತು. ಅರಣ್ಯ ಇಲಾಖೆ ಕಾಯತೈತಿ ಅಂತಾನೂ ಬಿಡಬ್ಯಾಡ. ಭೀಮಗಡ ಅಭಯಾರಣ್ಯ 2011ರಾಗ ಆತು, ಖರೆ. ಅದರ ಗೆರಿ ಹೊರಗ ಮಾಲ್ಕಿ ಜಮೀನಿನಾಗ ಇರೂ ಗಿಡಾ ಉಳಿಯೂದು ಬಾಳಷ್ಟು ಮಾಲೀಕರ ಮನಸಿನ ಮ್ಯಾಲೆ.

ಶಿರಸಿ ಕಡೆ ಸಾಲ್ಕಣಿ ಅಂತ ಊರೈತಿ. 1983ರ ಸೆಪ್ಟೆಂಬರಿನಾಗ ಅಲ್ಲಿಯ ಹೆಣ್ಮಕ್ಕಳು, ಹುಡುಗ್ರು ಕಾಡಿಗೆ ಹೋಗಿ ಗಿಡಾ ಅಪ್ಪಿ ನಿಂತ್ರು, ಕೊಡಲಿ ತಡದ್ರು. ಯಾರೊಬ್ಬರ ಹೊಲದ ಗಿಡಾ ಅಲ್ಲ ಅವು, ಸರಕಾರದವು. ಊರಿನ ನೀರು, ತೋಟದ ಸೊಪ್ಪು ಅಲ್ಲಿಂದ ಬರತಿತ್ತು, ಅದಕ್ಕ ಊರ ಹೊಣಿ ಹೊತಗೊಂಡಿತು. ನೀನೂ ಹಂಗ, ಜಾಗಾ ತಗೊಳ್ಳೂ ಊರಿನವರೊಳಗ ಒಬ್ಬ ಆಗಾಂಗಿದ್ರ ತಗೊ.

ಉತಾರದಾಗ ಹೆಸರು ನೋಡಿ ಸುಮ್ಮನಾಗಬ್ಯಾಡ, ಊರ ನಕಾಶಿ ತಗಸು, ಹಳ್ಳ ಎಲ್ಲಿ ಐತಿ ನೋಡು. ಅಲ್ಲಿಯ ಹಿರಿಯರ ಕೂಡ ಕುಂತು ಕುಡಿಯೂ ನೀರು ಎಲ್ಲಿಂದ ತರತಾರ ಕೇಳು. ಗುಡ್ಡಾ ಕಡಿಯಾಂಗಿಲ್ಲ, ಒರತಿ ಮುಚ್ಚಾಂಗಿಲ್ಲ, ಇದ್ದ ಗಿಡಾ ಇದ್ದಲ್ಲೇ ಇರಬೇಕು ಅಂತ ಗೆಳೆಯರೆಲ್ಲಾ ಬರದು ಸಹಿ ಹಾಕ್ರಿ. ಸಹಿ ಹಾಕಾಕ ಹಿಂದಮುಂದ ನೋಡೂ ಗೆಳೆಯ ಪಾಲುದಾರಿಕಿಗೆ ಬ್ಯಾಡ.

ಏಜೆಂಟರು ಬ್ಯಾಸಿಗಿಯೊಳಗ ಕರಕೊಂಡು ಹೋಗತಾರ, ಆಗ ಎಲ್ಲಾ ಒಣಾ ನೆಲಾನ ಕಾಣತೈತಿ. ಜುಲೈವರೆಗೂ ತಡಿ, ನಾನೂ ಬರತೀನಿ. ನಿನ್ನ ಪ್ಲಾಟಿನಾಗ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗತೈತಿ ಅಂತ ನಿಂತು ನೋಡೂಣು, ಆಮ್ಯಾಲೆ ಮುಂಗಡದ ಮಾತು.