ಲೈಂಗಿಕ ರೋಗಗಳ ಸುದ್ದಿಯನ್ನು ಓದುವುದು ಹೇಗೆ?

ಹೊಸ ರೋಗವೊಂದರ ಹೆಸರು ನಮ್ಮ ಕಿವಿಗೆ ಮೊದಲು ಬೀಳುವುದು ಸಾಮಾನ್ಯವಾಗಿ ಪತ್ರಿಕೆಯಿಂದ ಅಥವಾ ಟಿ.ವಿ.ಯಿಂದ. ವೈದ್ಯರ ಬಳಿ ಹೋಗುವ ಹೊತ್ತಿಗೆ ಆ ರೋಗ ಎಂಥವರಿಗೆ ಬರುತ್ತದೆ, ಯಾಕೆ ಬರುತ್ತದೆ ಎಂಬ ಕಲ್ಪನೆ ಮನಸ್ಸಿನಲ್ಲಿ ಆಗಲೇ ಬೇರೂರಿರುತ್ತದೆ. ನೆಗಡಿ, ಮಲೇರಿಯಾಗಳ ಮಟ್ಟಿಗೆ ಇದರಿಂದ ಅಂಥ ತೊಂದರೆಯೇನಿಲ್ಲ. ಆದರೆ ಲೈಂಗಿಕ ಸಂಪರ್ಕದಿಂದ ಹರಡುವ ರೋಗಗಳ ವಿಷಯದಲ್ಲಿ ತಪ್ಪು ಕಲ್ಪನೆ ಪ್ರಾಣಕ್ಕೇ ಎರವಾಗಬಹುದು. 'ಇದು ನಮ್ಮಂಥವರಿಗೆ ಬರುವ ರೋಗವಲ್ಲ' ಎಂದುಕೊಂಡ ಗೃಹಸ್ಥ ಪರೀಕ್ಷೆಗೆ ಹೋಗುವುದಿಲ್ಲ. 'ಹೇಳಿಕೊಂಡರೆ ನನ್ನನ್ನು ಆ ಗುಂಪಿಗೆ ಸೇರಿಸಿಬಿಡುತ್ತಾರೆ' ಎಂದು ಹೆದರಿದ ಹುಡುಗನೂ ಹೋಗುವುದಿಲ್ಲ. ಇಬ್ಬರಲ್ಲೂ ರೋಗ ಬೆಳೆಯುತ್ತದೆ, ಇಬ್ಬರಿಂದಲೂ ಇತರರಿಗೆ ದಾಟುತ್ತದೆ.

ಮನೆಮಂದಿಯೆಲ್ಲ ಓದುವ ಅಂಕಣದಲ್ಲಿ ಈ ವಿಷಯ ಬೇಕಿತ್ತೆ ಎಂದು ಕೆಲವರು ಹುಬ್ಬೇರಿಸಬಹುದು. ಮನೆಮಂದಿಯೆಲ್ಲ ಓದುತ್ತಾರೆಂದೇ ಇದನ್ನು ಇಲ್ಲಿ ಎತ್ತಿಕೊಂಡಿದ್ದೇನೆ.

ಹೆಸರಿನಲ್ಲೇ ದೂರು

ರೋಗದ ಹೊಣೆಯನ್ನು ಬೇರೆಯವರ ತಲೆಗೆ ಕಟ್ಟುವ ಚಾಳಿ ಹಳೆಯದು. ಸಿಫಿಲಿಸ್ ಯೂರೋಪಿನಲ್ಲಿ ಹರಡಿದಾಗ ಇಟಲಿಯವರು ಅದನ್ನು ಫ್ರೆಂಚರ ರೋಗವೆಂದರು, ಫ್ರೆಂಚರು ನೇಪಲ್ಸಿನ ರೋಗವೆಂದರು. ನಮ್ಮಲ್ಲೂ 16ನೇ ಶತಮಾನದ ಆಯುರ್ವೇದ ಗ್ರಂಥ 'ಭಾವಪ್ರಕಾಶ' ಅದನ್ನು ಫಿರಂಗ ರೋಗವೆಂದು, ಅಂದರೆ ಪರಂಗಿಯವರಿಂದ ಬಂದದ್ದೆಂದು ಕರೆದಿದೆ. ರೋಗಾಣುವಿಗೆ ಮಾತ್ರ ಇದಾವುದರ ಪರಿವೆಯೂ ಇರಲಿಲ್ಲ.

ಇಪ್ಪತ್ತನೇ ಶತಮಾನದಲ್ಲಿ ಇದೇ ಕಥೆ ಮತ್ತೆ ನಡೆಯಿತು. 1981ರ ಜೂನ್ 5ರಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ವಾರಪತ್ರ, ಲಾಸ್ ಏಂಜಲೀಸಿನ ಐವರು ಯುವಕರಲ್ಲಿ ಕಂಡ ಅಪರೂಪದ ನ್ಯುಮೋನಿಯಾವನ್ನು ವರದಿ ಮಾಡಿತು. ಐವರೂ ಪುರುಷರನ್ನೇ ಪ್ರೀತಿಸುವ ಪುರುಷರಾಗಿದ್ದರು. ಜುಲೈ 3ರಂದು 'ನ್ಯೂಯಾರ್ಕ್ ಟೈಮ್ಸ್' 41 ಮಂದಿ ಸಲಿಂಗಕಾಮಿಗಳಲ್ಲಿ ಅಪರೂಪದ ಕ್ಯಾನ್ಸರ್ ಕಂಡುಬಂದಿದೆಯೆಂದು ಬರೆಯಿತು. ವರದಿಯಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಓದಿದ ಜನ 'ಇಂಥವರಲ್ಲಿ ಕಂಡಿದೆ' ಎಂಬುದನ್ನು 'ಇಂಥವರಾದ್ದರಿಂದ ಬಂದಿದೆ' ಎಂದು ಅರ್ಥಮಾಡಿಕೊಂಡರು. ಕೆಲವು ಪತ್ರಿಕೆಗಳು ಒಂದು ಹೆಜ್ಜೆ ಮುಂದೆ ಹೋಗಿ 'ಸಲಿಂಗಕಾಮಿಗಳ ಪ್ಲೇಗ್' ಎಂದೇ ಬರೆದವು. ವೈದ್ಯರೂ ಹಿಂದೆ ಬೀಳಲಿಲ್ಲ. ಸಲಿಂಗಕಾಮಿಗಳ ರೋಗನಿರೋಧಕ ಶಕ್ತಿಯ ಕೊರತೆ ಎಂಬರ್ಥದ 'ಗ್ರಿಡ್' ಎಂಬ ಹೆಸರನ್ನು ಬಳಸತೊಡಗಿದರು. ಅಷ್ಟರಲ್ಲಿ ಹಿಮೋಫಿಲಿಯಾ ರೋಗಿಗಳಲ್ಲಿ, ಚುಚ್ಚುಮದ್ದಿನ ಮೂಲಕ ಮಾದಕವಸ್ತು ಸೇವಿಸುವವರಲ್ಲಿ, ಹೆಂಗಸರಲ್ಲಿ, ಎಳೆಯ ಮಕ್ಕಳಲ್ಲಿ ಕೂಡ ರೋಗ ಕಾಣತೊಡಗಿತ್ತು. 1982ರ ಸೆಪ್ಟೆಂಬರಿನಲ್ಲಿ 'ಏಡ್ಸ್' ಎಂಬ ಹೆಸರು ಬಳಕೆಗೆ ಬಂತು. 1983ರಲ್ಲಿ ಪ್ಯಾರಿಸಿನ ಪಾಶ್ಚರ್ ಸಂಸ್ಥೆಯವರು ಇದಕ್ಕೆ ಕಾರಣವಾದ ವೈರಸ್ಸನ್ನು ಪತ್ತೆಹಚ್ಚಿದರು. ರೋಗದ ಹೆಸರು ಬದಲಾಯಿತು, ಜನರ ಮನಸ್ಸಿನಲ್ಲಿ ಕೂತ ಹೆಸರು ಅಷ್ಟು ಬೇಗ ಬದಲಾಗಲಿಲ್ಲ.

ಒಂದು ಅಕ್ಷರದ ಅವಾಂತರ

ಗೇಟನ್ ಡ್ಯೂಗಾ ಎಂಬ ಕೆನಡಾದ ವಿಮಾನ ಪರಿಚಾರಕನ ಕಥೆಯನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. 1984ರಲ್ಲಿ ಏಡ್ಸ್‌ನಿಂದ ತೀರಿಕೊಂಡ ಈತ, ಬದುಕಿದ್ದಾಗ ತನ್ನ ಸಂಪರ್ಕಕ್ಕೆ ಬಂದವರ ವಿವರಗಳನ್ನು ನೀಡಿ ಸಂಶೋಧಕರಿಗೆ ಬಹಳ ನೆರವಾಗಿದ್ದ. ಆ ಅಧ್ಯಯನದಲ್ಲಿ ಒಬ್ಬರಿಗೊಬ್ಬರು ಸಂಪರ್ಕವಿದ್ದ 40 ರೋಗಿಗಳಿದ್ದರು. ಈತ ಕ್ಯಾಲಿಫೋರ್ನಿಯಾದ ಹೊರಗಿನವನೆಂದು ಸೂಚಿಸಲು ಇಂಗ್ಲಿಷಿನ 'ಓ' ಅಕ್ಷರದಿಂದ ಗುರುತು ಹಾಕಲಾಗಿತ್ತು. ಓದುವವರು ಅದನ್ನು ಸೊನ್ನೆ ಎಂದು ಓದಿದರು. ಸೊನ್ನೆ ಎಂದರೆ ಎಲ್ಲಕ್ಕಿಂತ ಮೊದಲಿನವನು, ರೋಗದ ಮೂಲ! 1987ರಲ್ಲಿ ರ‍್ಯಾಂಡಿ ಶಿಲ್ಟ್ಸ್ ಎಂಬ ಪತ್ರಕರ್ತ ಏಡ್ಸ್ ಬಗ್ಗೆ ಬರೆದ ದೊಡ್ಡ ಪುಸ್ತಕದಲ್ಲಿ ಈತನ ಹೆಸರನ್ನು ಬಹಿರಂಗಪಡಿಸಿದ. ಸರಕಾರದ ನಿರ್ಲಕ್ಷ್ಯವನ್ನು ಬಯಲಿಗೆಳೆಯುವುದೇ ಆ ಪುಸ್ತಕದ ಮುಖ್ಯ ಉದ್ದೇಶವಾಗಿತ್ತು. ಆದರೆ ಪತ್ರಿಕೆಗಳಿಗೆ ರುಚಿಸಿದ್ದು ವಿಮಾನ ಪರಿಚಾರಕನ ಕಥೆ. 'ನ್ಯೂಯಾರ್ಕ್ ಪೋಸ್ಟ್' ಆತನೇ ಅಮೆರಿಕಕ್ಕೆ ಏಡ್ಸ್ ತಂದವನೆಂಬ ಅರ್ಥದ ಶೀರ್ಷಿಕೆ ಹಾಕಿತು. ಮಾರಾಟಕ್ಕಾಗಿ ಈ ಕಥೆಯನ್ನು ತಾವೇ ಮುಂದೆ ಮಾಡಿದೆವೆಂದು ಪುಸ್ತಕದ ಸಂಪಾದಕರು ವರ್ಷಗಳ ನಂತರ ಒಪ್ಪಿಕೊಂಡರು. ಶಿಲ್ಟ್ಸ್ ಸ್ವತಃ ಸಲಿಂಗಕಾಮಿಯಾಗಿದ್ದ, 1994ರಲ್ಲಿ ಏಡ್ಸ್‌ನಿಂದಲೇ ತೀರಿಕೊಂಡ ಎಂಬುದನ್ನು ನೆನೆದರೆ ಇದು ಇನ್ನಷ್ಟು ವಿಷಾದಕರ.

2016ರಲ್ಲಿ, 1970ರ ದಶಕದಿಂದ ಜೋಪಾನವಾಗಿಟ್ಟಿದ್ದ ರಕ್ತದ ಮಾದರಿಗಳನ್ನು ವಿಜ್ಞಾನಿಗಳು ಪರೀಕ್ಷಿಸಿದರು. ವೈರಸ್ಸಿನ ವಂಶಾವಳಿಯನ್ನು ಬಿಡಿಸಿ ನೋಡಿದಾಗ, ಅದು 1970ರ ಸುಮಾರಿಗೇ ಕೆರಿಬಿಯನ್ ದ್ವೀಪಗಳ ಕಡೆಯಿಂದ ನ್ಯೂಯಾರ್ಕಿಗೆ ಬಂದಿತ್ತೆಂದು ತಿಳಿಯಿತು. ಡ್ಯೂಗಾನ ದೇಹದಲ್ಲಿದ್ದ ವೈರಸ್ ಆ ವಂಶವೃಕ್ಷದ ನಡುವಿನ ಒಂದು ರೆಂಬೆಯಷ್ಟೆ. ಸತ್ತ ಮೂವತ್ತೆರಡು ವರ್ಷಗಳ ಮೇಲೆ ಆತನ ಮೇಲಿನ ಆರೋಪ ಬಿದ್ದುಹೋಯಿತು.

ನಮ್ಮ ನೆರೆಯಲ್ಲಿ

ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈನಲ್ಲಿ. ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ಲೈಂಗಿಕ ವೃತ್ತಿಯಲ್ಲಿದ್ದ ಮಹಿಳೆಯರ ರಕ್ತದಲ್ಲಿ ಅದನ್ನು ಕಂಡರು. ಹಾಗಾಗಿ ಇಲ್ಲಿ ದೂರು ಮೊದಲು ಆ ಹೆಣ್ಣುಮಕ್ಕಳ ಮೇಲೆ ಬಂತು. ಮೂರು ವರ್ಷಗಳ ನಂತರ, 1989ರಲ್ಲಿ, ಗೋವಾದ ಡೊಮಿನಿಕ್ ಡಿಸೋಜಾ ಎಂಬ ಯುವಕ ರಕ್ತದಾನ ಮಾಡಿದಾಗ ಎಚ್‌ಐವಿ ಇರುವುದು ಪತ್ತೆಯಾಯಿತು. ಆತನಿಗೆ ವಿಷಯ ತಿಳಿಸಿ ಧೈರ್ಯ ಹೇಳುವ ಬದಲು ಪೊಲೀಸರು ಕರೆದೊಯ್ದರು. ಆಗಿನ ಗೋವಾದ ಕಾನೂನಿನ ಪ್ರಕಾರ ಮಾಪುಸಾದ ಹಳೆಯ ಕ್ಷಯರೋಗ ಆಸ್ಪತ್ರೆಯೊಂದರಲ್ಲಿ 64 ದಿನ ಕೂಡಿಹಾಕಲಾಯಿತು. ಪರೋಪಕಾರಕ್ಕೆ ರಕ್ತ ಕೊಟ್ಟವನಿಗೆ ಸಿಕ್ಕ ಬಹುಮಾನ ಇದು. ಆತ ಸುಮ್ಮನಿರದೆ ನ್ಯಾಯಾಲಯದಲ್ಲಿ ಹೋರಾಡಿದ, ಇತರ ರೋಗಿಗಳಿಗಾಗಿ ದುಡಿದ, 1992ರಲ್ಲಿ ತೀರಿಕೊಂಡ. ಇಂಥ ಸುದ್ದಿಯನ್ನು ಓದಿದ ಎಷ್ಟು ಮಂದಿ ಅನಂತರ ತಾವಾಗಿ ಪರೀಕ್ಷೆಗೆ ಬಂದಾರು, ನೀವೇ ಯೋಚಿಸಿ.

ಸತ್ಯವನ್ನು ಮುಚ್ಚಿಡಬೇಕೆ?

ಹಾಗಾದರೆ ಪುರುಷರ ನಡುವಿನ ಸಂಪರ್ಕದಿಂದ ರೋಗ ಹರಡುವುದನ್ನು ಪತ್ರಿಕೆಗಳು ಹೇಳಲೇಬಾರದೆ? ಖಂಡಿತ ಹೇಳಬೇಕು. 2022ರಲ್ಲಿ ಎಂಪಾಕ್ಸ್ ಜಗತ್ತಿನ ಅನೇಕ ದೇಶಗಳಿಗೆ ಹಬ್ಬಿತು. ಆಗ ಅದನ್ನು 'ಮಂಗನ ಸಿಡುಬು' ಎನ್ನುತ್ತಿದ್ದರು. (ನಮ್ಮ ಮಲೆನಾಡಿನ ಮಂಗನ ಕಾಯಿಲೆಯೇ ಬೇರೆ. ಅದು ಕಾಡಿನ ಉಣುಗುಗಳು ಕಚ್ಚಿ ಬರುವಂಥದು.) 16 ದೇಶಗಳ 528 ರೋಗಿಗಳನ್ನು ಕುರಿತ ಅಧ್ಯಯನದಲ್ಲಿ ಶೇಕಡಾ 98 ಮಂದಿ ಪುರುಷರೊಡನೆ ಸಂಬಂಧವಿದ್ದ ಪುರುಷರೇ ಆಗಿದ್ದರು. ಇದನ್ನು ಮುಚ್ಚಿಟ್ಟಿದ್ದರೆ ಎಚ್ಚರಿಕೆ ಯಾರಿಗೆ ಬೇಕಿತ್ತೋ ಅವರಿಗೇ ತಲುಪುತ್ತಿರಲಿಲ್ಲ. ತಿಳಿಸಿದ್ದರಿಂದ ಒಳ್ಳೆಯದೇ ಆಯಿತು: ಲಸಿಕೆ ದೊರೆತ ಕಡೆ ಅವರು ಸಾಲುಗಟ್ಟಿ ನಿಂತು ಹಾಕಿಸಿಕೊಂಡರು. ಅಮೆರಿಕದಲ್ಲಿ ನಡೆದ ಸಮೀಕ್ಷೆಯೊಂದರಲ್ಲಿ ಸುಮಾರು ಅರ್ಧದಷ್ಟು ಮಂದಿ ತಮ್ಮ ಸಂಗಾತಿಗಳ ಸಂಖ್ಯೆಯನ್ನು ಕಡಿಮೆ ಮಾಡಿಕೊಂಡೆವೆಂದರು. 2023ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತುರ್ತು ಪರಿಸ್ಥಿತಿಯನ್ನು ಹಿಂತೆಗೆದುಕೊಂಡಿತು.

ಆದರೆ ಎಂಪಾಕ್ಸ್ ಹರಡುವುದು ಚರ್ಮಕ್ಕೆ ಚರ್ಮ ತಾಗುವ ನಿಕಟ ಸಂಪರ್ಕದಿಂದ. ರೋಗಿಯ ಹಾಸಿಗೆ, ಬಟ್ಟೆಗಳಿಂದಲೂ ಬರಬಹುದು. 2024ರಲ್ಲಿ ಕಾಂಗೋ ದೇಶದಲ್ಲಿ ಇದು ಹಬ್ಬಿದಾಗ ರೋಗಿಗಳಲ್ಲಿ ಮಕ್ಕಳೇ ಹೆಚ್ಚಾಗಿದ್ದರು. 'ಇದು ಅವರ ರೋಗ' ಎಂದುಕೊಂಡ ತಾಯಿ ಮಗುವಿನ ಮೈಮೇಲಿನ ಗುಳ್ಳೆಗಳನ್ನು ಗುರುತಿಸುವುದಾದರೂ ಹೇಗೆ?

ಎಚ್‌ಐವಿಯದೂ ಇದೇ ಮಾತು. ನಮ್ಮ ದೇಶದಲ್ಲಿ ಅದು ಹೆಚ್ಚಾಗಿ ಹರಡಿರುವುದು ಗಂಡು-ಹೆಣ್ಣಿನ ಸಂಪರ್ಕದಿಂದ. ಗಂಡನೊಬ್ಬನನ್ನೇ ನೆಚ್ಚಿಕೊಂಡ ಗೃಹಿಣಿಯರೂ ಸೋಂಕಿಗೆ ಒಳಗಾಗಿದ್ದಾರೆ. ಪುರುಷ-ಪುರುಷರ ನಡುವೆ ಸೋಂಕಿನ ಪ್ರಮಾಣ ಉಳಿದವರಿಗಿಂತ ಹೆಚ್ಚಿರುವುದೂ ನಿಜ. ಗುದದ್ವಾರದ ಒಳಪದರ ತೆಳುವಾದದ್ದು, ಬೇಗ ಗಾಯಗೊಳ್ಳುತ್ತದೆ. ವೈರಸ್ ಒಳಸೇರುವುದು ಸುಲಭ. ಇದು ಶರೀರರಚನೆಯ ಮಾತು, ಹೆಣ್ಣಿಗೂ ಅನ್ವಯಿಸುತ್ತದೆ. ಇನ್ನೊಂದು ಕಾರಣ ಕದ್ದುಮುಚ್ಚಿ ಬದುಕಬೇಕಾದ ಸ್ಥಿತಿ. ವಯಸ್ಕರ ನಡುವಿನ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟ್ ತೀರ್ಪು ನೀಡಿದ್ದು 2018ರ ಸೆಪ್ಟೆಂಬರ್ 6ರಂದು. ಅಲ್ಲಿಯವರೆಗೆ ವೈದ್ಯರ ಮುಂದೆ ನಿಜ ಹೇಳುವುದೆಂದರೆ ಅಪರಾಧವನ್ನು ಒಪ್ಪಿಕೊಂಡಂತೆಯೇ ಆಗುತ್ತಿತ್ತು.

ಇಷ್ಟರಲ್ಲಿ ಒಂದು ಮಾತು. ಈ ಲೇಖನದಲ್ಲಿ ಹಳೆಯ ವರದಿಗಳನ್ನು ಹೇಳುವಾಗ 'ಸಲಿಂಗಕಾಮಿ' ಎಂಬ ಪದವನ್ನೇ ಬಳಸಿದ್ದೇನೆ; ದಶಕಗಳ ಕಾಲ ನಮ್ಮ ಪತ್ರಿಕೆಗಳಿಗೆ ಗೊತ್ತಿದ್ದದ್ದು ಅದೊಂದೇ ಪದ. ಆದರೆ ಕನ್ನಡದಲ್ಲಿ ಒಬ್ಬನನ್ನು 'ಕಾಮಿ' ಎಂದರೆ ಅದು ಬೈಗುಳ. ಮದುವೆಯಾಗಿ ಸಂಸಾರ ಹೂಡಿದವರನ್ನು ಯಾರೂ 'ಭಿನ್ನಲಿಂಗಕಾಮಿ' ಎನ್ನುವುದಿಲ್ಲವಲ್ಲ! ಈಚೆಗೆ 'ಸಲಿಂಗಿ', 'ಸಲಿಂಗಪ್ರೇಮಿ' ಎಂಬ ಪದಗಳು ಬಳಕೆಗೆ ಬಂದಿವೆ.

ಮನೆಯಲ್ಲಿ ಏನು ಮಾಡಬೇಕು?

ಇಂಥ ಸುದ್ದಿ ಓದಿದಾಗ, ರೋಗ ಹೇಗೆ ಹರಡುತ್ತದೆ ಎಂದು ಅದರಲ್ಲಿ ಹೇಳಿದೆಯೇ ನೋಡಿ. 'ಯಾರಿಗೆ' ಎಂದಷ್ಟೇ ಹೇಳಿ 'ಹೇಗೆ' ಎಂಬುದನ್ನು ಬಿಟ್ಟಿದ್ದರೆ ಆ ವರದಿ ಅರ್ಧ ಮಾತ್ರ. ರೋಗಿಯ ಹೆಸರು, ಊರು, ಭಾವಚಿತ್ರ ಪ್ರಕಟವಾಗಿದ್ದರೆ ಅದು ತಪ್ಪೆಂದು ಸಂಪಾದಕರಿಗೆ ಪತ್ರ ಬರೆಯಿರಿ. 2018ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ಎಚ್‌ಐವಿ ಮತ್ತು ಏಡ್ಸ್ ಕಾಯಿದೆಯ ಪ್ರಕಾರ ಸೋಂಕಿತರ ಬಗ್ಗೆ ದ್ವೇಷ ಹುಟ್ಟಿಸುವಂತೆ ಪ್ರಕಟಿಸುವುದು ನಿಷಿದ್ಧ. ಒಪ್ಪಿಗೆಯಿಲ್ಲದೆ ಎಚ್‌ಐವಿ ಪರೀಕ್ಷೆ ಮಾಡುವಂತೆಯೂ ಇಲ್ಲ.

ಊಟದ ಹೊತ್ತಿನಲ್ಲಿ ಟಿ.ವಿ. ನೋಡುತ್ತಾ ನೀವು ಆಡುವ ಮಾತನ್ನು ನಿಮ್ಮ ಮಗ ಕೇಳಿಸಿಕೊಳ್ಳುತ್ತಿರುತ್ತಾನೆ. 'ಅಂಥವರಿಗೆ ಹಾಗೇ ಆಗಬೇಕು' ಎಂದು ನೀವು ಅಂದರೆ, ನಾಳೆ ಅವನಿಗೆ ಹುಣ್ಣೊಂದು ಕಾಣಿಸಿಕೊಂಡಾಗ ನಿಮ್ಮೆದುರು ಬಾಯಿಬಿಡುವುದಿಲ್ಲ. ಗುಟ್ಟಾಗಿ ಯಾವುದೋ ಮುಲಾಮು ಹಚ್ಚಿಕೊಳ್ಳುತ್ತಾನೆ, ಇಲ್ಲವೇ ಗೋಡೆಬರಹ ನೋಡಿ 'ಗುಪ್ತರೋಗ ತಜ್ಞ'ನೆಂದು ಹೇಳಿಕೊಳ್ಳುವವನ ಬಳಿ ಹಣ ಕಳೆಯುತ್ತಾನೆ. ಅವನು ಸಲಿಂಗಿಯೆಂದು ತಿಳಿದುಬಂದರೆ 'ಚಿಕಿತ್ಸೆ ಕೊಡಿಸಿ ಸರಿಮಾಡುತ್ತೇನೆ' ಎಂದು ಹೊರಡಬೇಡಿ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಅದನ್ನು ರೋಗಗಳ ಪಟ್ಟಿಯಿಂದ ತೆಗೆದುಹಾಕಿದೆ.

ಹುಣ್ಣು, ಸ್ರಾವ, ಮೂತ್ರ ಮಾಡುವಾಗ ಉರಿ, ತೊಡೆಸಂದಿನಲ್ಲಿ ಗಡ್ಡೆ ಇವುಗಳಲ್ಲಿ ಯಾವುದಿದ್ದರೂ ಸರಕಾರಿ ಜಿಲ್ಲಾ ಆಸ್ಪತ್ರೆಗೆ ಹೋಗಬಹುದು. ಎಚ್‌ಐವಿ ಪರೀಕ್ಷೆ, ಆಪ್ತಸಮಾಲೋಚನೆ, ಔಷಧ ಅಲ್ಲಿ ಉಚಿತ. ನಿಯಮಿತವಾಗಿ ಔಷಧ ಸೇವಿಸಿ, ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದು ಹಾಗೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ಸೋಂಕು ತಗಲುವುದಿಲ್ಲ. ಆಸ್ಪತ್ರೆಗೆ ಹೋಗಲು ಸಂಕೋಚವಾದರೆ ಮೊದಲು 1097 ಸಂಖ್ಯೆಗೆ ಫೋನ್ ಮಾಡಿ ಕೇಳಬಹುದು, ಅದಕ್ಕೂ ಶುಲ್ಕವಿಲ್ಲ.

ಸಿಫಿಲಿಸ್ ಬಗ್ಗೆ ಮಾತ್ರ ವಿಶೇಷ ಎಚ್ಚರ ಬೇಕು. ಅದರ ಮೊದಲ ಹುಣ್ಣು ನೋಯುವುದಿಲ್ಲ, ಕೆಲವು ವಾರಗಳಲ್ಲಿ ತಾನಾಗಿ ಮಾಯುತ್ತದೆ. ವಾಸಿಯಾಯಿತೆಂದು ಮರೆತವರಿಗೆ ತಿಂಗಳುಗಳ ಮೇಲೆ ಅಂಗೈ, ಅಂಗಾಲುಗಳಲ್ಲಿ ದದ್ದು ಏಳಬಹುದು. ಗರ್ಭಿಣಿಯಿಂದ ಹೊಟ್ಟೆಯಲ್ಲಿರುವ ಮಗುವಿಗೂ ಅದು ದಾಟುತ್ತದೆ. ಆರಂಭದಲ್ಲಿ ತೋರಿಸಿದರೆ ಸಾಮಾನ್ಯವಾಗಿ ಪೆನ್ಸಿಲಿನ್ನಿನ ಒಂದೇ ಸಲದ ಚುಚ್ಚುಮದ್ದು ಸಾಕು. ಸಂಗಾತಿ ಗಂಡಾಗಿರಲಿ, ಹೆಣ್ಣಾಗಿರಲಿ, ಅವರಿಗೂ ಅದೇ ವಾರ ಪರೀಕ್ಷೆ ಮಾಡಿಸಿ.